ಮನೆಯ ಹಿರಿಯರನ್ನು ನಿದ್ದೆ ಮಾತ್ರೆಯಿಂದ ನಿಧಾನವಾಗಿ ಬಿಡಿಸುವುದು ಹೇಗೆ

ನಮ್ಮ ತಾಯಿಯ ಮಾತ್ರೆಗಳು ಹಳೆಯದೊಂದು ಸ್ಟೀಲ್ ಡಬ್ಬಿಯಲ್ಲಿರುತ್ತಿದ್ದವು. ಒಂದು ಭಾನುವಾರ ಅದನ್ನು ಚಾಪೆಯ ಮೇಲೆ ಸುರುವಿ ನೋಡಿದಾಗ, ಬಿಪಿ ಮತ್ತು ಸಕ್ಕರೆ ಕಾಯಿಲೆಯ ಮಾತ್ರೆಗಳ ನಡುವೆ, ಕತ್ತರಿಯಿಂದ ಕತ್ತರಿಸಿದ ನಾಲ್ಕೈದು ಸ್ಟ್ರಿಪ್ ತುಂಡುಗಳು ಸಿಕ್ಕವು. ಒಂದರಲ್ಲಿ ಎರಡು ಮಾತ್ರೆ, ಇನ್ನೊಂದರಲ್ಲಿ ಮೂರು. ಹೆಸರು ಯಾವುದರಲ್ಲೂ ಪೂರ್ತಿಯಾಗಿ ಉಳಿದಿರಲಿಲ್ಲ. ತುಂಡುಗಳನ್ನು ಒಂದರ ಪಕ್ಕ ಒಂದಿಟ್ಟು ಬೆಳಕಿಗೆ ಹಿಡಿದ ಮೇಲೆ ‘ಅಲ್ಪ್ರಜೋಲಾಮ್ 0.5’ ಎಂದು ಓದಲು ಸಾಧ್ಯವಾಯಿತು. ಆರು ವರ್ಷಗಳ ಹಿಂದೆ, ನಮ್ಮ ತಂದೆ ತೀರಿಕೊಂಡ ತಿಂಗಳಲ್ಲಿ, ಹದಿನೈದು ದಿನಗಳಿಗೆಂದು ವೈದ್ಯರು ಬರೆದುಕೊಟ್ಟಿದ್ದ ನಿದ್ದೆ ಮಾತ್ರೆ ಅದು. ಈ ನಡುವೆ ಅಮ್ಮ ಬಚ್ಚಲಿಗೆ ಹೋಗುವಾಗ ಗೋಡೆ ಹಿಡಿದು ನಡೆಯತೊಡಗಿದ್ದರು, ಒಲೆಯ ಮೇಲೆ ಹಾಲಿಟ್ಟು ಮರೆಯುತ್ತಿದ್ದರು, ಮಧ್ಯಾಹ್ನದ ಹೊತ್ತಿಗೂ ಮಂಪರಿನಲ್ಲೇ ಇರುತ್ತಿದ್ದರು. ನಾವೆಲ್ಲ ಅದನ್ನು ವಯಸ್ಸಿನ ಲೆಕ್ಕಕ್ಕೆ ಬರೆದು ಸುಮ್ಮನಾಗಿದ್ದೆವು.

ಇಂಥ ಡಬ್ಬಿ ಇರುವ ಮನೆಗಳಿಗಾಗಿ ಈ ಮಾರ್ಗದರ್ಶಿಯನ್ನು ಬರೆದಿದ್ದೇನೆ. ನಿದ್ದೆ ಮಾತ್ರೆ ಮಿದುಳಿನಲ್ಲಿ ಮಾಡುವ ಕೆಲಸವೇನು, ವಯಸ್ಸಾದ ದೇಹದಲ್ಲಿ ಅದು ಏಕೆ ಹೆಚ್ಚು ಹೊತ್ತು ಉಳಿಯುತ್ತದೆ, ವೈದ್ಯರ ಜೊತೆಗೂಡಿ ಅದರಿಂದ ಹೊರಬರುವ ದಾರಿ ಯಾವುದು ಎಂಬುದಷ್ಟೇ ಇಲ್ಲಿದೆ. ಮೂರ್ಛೆ ರೋಗಕ್ಕಾಗಿ, ಅಲ್ಪ್ರಜೋಲಾಮ್‌ನ ಗುಂಪಿಗೇ ಸೇರಿದ ಕ್ಲೋಬಾಜಾಮ್ ಅಥವಾ ಕ್ಲೋನಾಜೆಪಾಮ್ ತೆಗೆದುಕೊಳ್ಳುತ್ತಿರುವವರಿಗೆ ಈ ಲೇಖನ ಅನ್ವಯಿಸುವುದಿಲ್ಲ.

ಎಲ್ಲಕ್ಕಿಂತ ಮೊದಲು: ಇಂದು ರಾತ್ರಿಯೇ ನಿಲ್ಲಿಸಬೇಡಿ

ಡಬ್ಬಿಯಲ್ಲಿ ನಿದ್ದೆ ಮಾತ್ರೆಯನ್ನು ಕಂಡೊಡನೆ ಮಕ್ಕಳು ಮಾಡುವ ಸಹಜ ತಪ್ಪೆಂದರೆ ಅದನ್ನು ಅಲ್ಲಿಂದಲೇ ಎತ್ತಿ ಎಸೆಯುವುದು. ಈ ತಪ್ಪು ಪ್ರಾಣಕ್ಕೇ ಎರವಾಗಬಹುದು. ಏಕೆಂಬುದನ್ನು ತಿಳಿಯಲು ಮಾತ್ರೆಯ ಕೆಲಸವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು.

ಮಿದುಳಿನಲ್ಲಿ ನರಕೋಶಗಳನ್ನು ಶಾಂತಗೊಳಿಸುವ ಮುಖ್ಯ ರಾಸಾಯನಿಕಕ್ಕೆ ಗಾಬಾ ಎಂದು ಹೆಸರು. ಅದು ನರಕೋಶದ ಮೇಲಿನ ತನ್ನ ಗ್ರಾಹಕಕ್ಕೆ, ಅಂದರೆ ಅದನ್ನು ಹಿಡಿದುಕೊಳ್ಳುವ ರಿಸೆಪ್ಟರಿಗೆ, ಅಂಟಿಕೊಂಡಾಗ ಒಂದು ಸಣ್ಣ ಬಾಗಿಲು ತೆರೆದು ಕ್ಲೋರೈಡ್ ಅಯಾನುಗಳೆಂಬ ವಿದ್ಯುತ್ ಹೊತ್ತ ಕಣಗಳು ಒಳನುಗ್ಗುತ್ತವೆ, ಆ ನರಕೋಶದ ಉದ್ರೇಕ ತಗ್ಗುತ್ತದೆ. ಅಲ್ಪ್ರಜೋಲಾಮ್, ಲೋರಾಜೆಪಾಮ್, ಡಯಾಜೆಪಾಮ್ ಮುಂತಾದ ಬೆಂಜೋಡಯಾಜೆಪೈನ್ ಗುಂಪಿನ ಮಾತ್ರೆಗಳು ಈ ಬಾಗಿಲನ್ನು ತಾವಾಗಿ ತೆರೆಯುವುದಿಲ್ಲ. ತಿರುಗಣಿಗೆ ಎಣ್ಣೆ ಬಿಟ್ಟಂತೆ, ಗಾಬಾ ತಟ್ಟಿದಾಗ ಬಾಗಿಲು ಇನ್ನಷ್ಟು ಸಲ ತೆರೆಯುವಂತೆ ಮಾಡುತ್ತವೆ. ಬೇರೆ ಗುಂಪಿನದೆಂದು ಹೇಳಲಾಗುವ ಜೋಲ್ಪಿಡೆಮ್ ಕೂಡ ಇದೇ ಗ್ರಾಹಕದ ಮೇಲೆ ಕೆಲಸ ಮಾಡುತ್ತದೆ. ಈ ಗ್ರಾಹಕಗಳು ನಿದ್ದೆಗೆ ಸಂಬಂಧಿಸಿದ ಭಾಗದಲ್ಲಿ ಮಾತ್ರ ಇದ್ದಿದ್ದರೆ ತೊಂದರೆ ಇರುತ್ತಿರಲಿಲ್ಲ. ಆದರೆ ನಡಿಗೆಯ ಸಮತೋಲ ಕಾಯುವ ಕಿರುಮಿದುಳಿನಲ್ಲಿ, ಹೊಸ ನೆನಪನ್ನು ಕೂಡಿಡುವ ಹಿಪೊಕ್ಯಾಂಪಸ್‌ನಲ್ಲಿ, ಸ್ನಾಯುಗಳ ಬಿಗಿಯನ್ನು ಹಿಡಿದಿಡುವ ಬೆನ್ನುಹುರಿಯಲ್ಲಿ, ಎಲ್ಲೆಡೆ ಅವು ಇವೆ. ಗೋಡೆ ಹಿಡಿದು ನಡೆಯುವುದು, ಹಾಲು ಉಕ್ಕಿಸುವುದು, ಕಾಲಿನ ಬಲ ಕುಂದುವುದು, ಈ ಮೂರಕ್ಕೂ ಮೂಲ ಒಂದೇ ಇರಬಹುದು.

ತಿಂಗಳುಗಟ್ಟಲೆ ಮಾತ್ರೆ ನುಂಗಿದಾಗ ಮಿದುಳು ಅದಕ್ಕೆ ಒಗ್ಗಿಕೊಳ್ಳುತ್ತದೆ. ಹೊರಗಿನಿಂದ ಬರುವ ಶಾಂತಿಯನ್ನು ಸರಿದೂಗಿಸಲು ತನ್ನ ಗ್ರಾಹಕಗಳ ಸ್ಪಂದನೆಯನ್ನು ತಗ್ಗಿಸಿಕೊಂಡು, ಉದ್ರೇಕಿಸುವ ವ್ಯವಸ್ಥೆಯನ್ನು ಬಲಪಡಿಸಿಕೊಳ್ಳುತ್ತದೆ. ಆದ್ದರಿಂದಲೇ ಮೊದಲ ವಾರ ಗಾಢವಾಗಿ ಬಂದ ನಿದ್ದೆ ವರ್ಷದ ಕೊನೆಗೆ ಅಷ್ಟಾಗಿ ಬರುವುದಿಲ್ಲ. ಈ ಸ್ಥಿತಿಯಲ್ಲಿ ಮಾತ್ರೆಯನ್ನು ಏಕಾಏಕಿ ನಿಲ್ಲಿಸಿದರೆ ಉದ್ರೇಕದ ಕಡೆಗೆ ತಕ್ಕಡಿ ಒಮ್ಮೆಲೇ ವಾಲುತ್ತದೆ: ನಿದ್ದೆ ಸಂಪೂರ್ಣ ಹಾರಿಹೋಗುವುದು, ಕೈ ನಡುಗುವುದು, ಬೆವರು, ಎದೆಬಡಿತ, ಭಯ, ಕೆಲವರಲ್ಲಿ ಫಿಟ್ಸ್ ಮತ್ತು ಭ್ರಮೆ. ತೆಲಂಗಾಣದ ಕೆಲವು ಜಿಲ್ಲೆಗಳಲ್ಲಿ ಸೇಂದಿಗೆ ಅಲ್ಪ್ರಜೋಲಾಮ್ ಪುಡಿ ಬೆರೆಸುತ್ತಿದ್ದುದನ್ನು ಅಧಿಕಾರಿಗಳು ತಡೆದಾಗ, ತಾವು ಇಂಥದೊಂದು ಔಷಧಿಗೆ ಅಂಟಿಕೊಂಡಿದ್ದೇವೆಂಬುದೇ ಗೊತ್ತಿಲ್ಲದ ಜನ ಫಿಟ್ಸ್ ಮತ್ತು ಗೊಂದಲದೊಂದಿಗೆ ಆಸ್ಪತ್ರೆ ಸೇರಿದ್ದುಂಟು. ಔಷಧಿ ಯಾವ ದಾರಿಯಿಂದ ಬಂದಿತೆಂಬುದು ಮಿದುಳಿಗೆ ಮುಖ್ಯವಲ್ಲ, ಏಕಾಏಕಿ ಇಲ್ಲವಾಗುವುದು ಮುಖ್ಯ.

ಹೆಜ್ಜೆ 1: ಡಬ್ಬಿಯನ್ನು ಸುರುವಿ ಪಟ್ಟಿ ಮಾಡಿ

ಒಂದು ಹಗಲು ಹಿರಿಯರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಡಬ್ಬಿಯಲ್ಲಿರುವುದು, ದಿಂಬಿನ ಕೆಳಗಿರುವುದು, ದೇವರ ಮನೆಯ ಗೂಡಿನಲ್ಲಿರುವುದು, ಎಲ್ಲವನ್ನೂ ಹೊರತೆಗೆಯಿರಿ. ಅವರಿಗೆ ಕಾಣದಂತೆ ಇದನ್ನು ಮಾಡಬಾರದು. ಮುಂದಿನ ಹೆಜ್ಜೆಗಳೆಲ್ಲ ಅವರ ಒಪ್ಪಿಗೆಯ ಮೇಲೆಯೇ ನಿಂತಿರುವುದರಿಂದ ಇಲ್ಲಿ ಕಳೆದುಕೊಂಡ ವಿಶ್ವಾಸ ಮತ್ತೆ ಸಿಗುವುದು ಕಷ್ಟ.

ಒಂದೊಂದು ಮಾತ್ರೆಯ ಬ್ರ್ಯಾಂಡ್ ಹೆಸರಿನ ಕೆಳಗೆ ಸಣ್ಣ ಅಕ್ಷರದಲ್ಲಿರುವ ಔಷಧಿಯ ಹೆಸರು, ಎಷ್ಟು ಮಿಲಿಗ್ರಾಂ, ಯಾವ ಹೊತ್ತಿಗೆ, ಎಂದಿನಿಂದ, ಯಾರು ಬರೆದುಕೊಟ್ಟದ್ದು ಎಂಬುದನ್ನು ಒಂದು ಹಾಳೆಯಲ್ಲಿ ಬರೆಯಿರಿ. ಹೆಸರಿನ ಕೊನೆಯಲ್ಲಿ ‘ಜೆಪಾಮ್’ ಅಥವಾ ‘ಜೋಲಾಮ್’ ಎಂದಿದ್ದರೆ ಅದು ಬಹುಮಟ್ಟಿಗೆ ಈ ಗುಂಪಿಗೆ ಸೇರಿದ್ದು. ಇಂಥ ಸ್ಟ್ರಿಪ್‌ಗಳ ಮೇಲೆ ಕೆಂಪು ಅಕ್ಷರದಲ್ಲಿ ಎನ್‌ಆರ್‌ಎಕ್ಸ್ (NRx) ಎಂಬ ಗುರುತೂ ಇರುತ್ತದೆ.

ಇಲ್ಲಿ ಬಹಳ ಮಂದಿ ಎಡವುವ ಜಾಗವೊಂದಿದೆ. ನಮ್ಮ ದೇಶದಲ್ಲಿ ಎರಡು ಔಷಧಿಗಳನ್ನು ಒಂದೇ ಮಾತ್ರೆಯಲ್ಲಿ ಸೇರಿಸಿ ಮಾರುವ ರೂಢಿ ಹೆಚ್ಚು. ಹೊಟ್ಟೆಯುಬ್ಬರಕ್ಕೆಂದು ಕೊಡುವ ಒಂದು ಬಗೆಯ ಮಾತ್ರೆಯಲ್ಲಿ ಕ್ಲಿಡಿನಿಯಮ್ ಜೊತೆ ಕ್ಲೋರ್‌ಡಯಾಜೆಪಾಕ್ಸೈಡ್ ಇರುತ್ತದೆ; ಅಂದರೆ ಮನೆಯಲ್ಲಿ ‘ಗ್ಯಾಸ್ ಮಾತ್ರೆ’ ಎಂದು ಕರೆಯುವುದರೊಳಗೆ ಇದೇ ಗುಂಪಿನ ಔಷಧಿ ಅಡಗಿರಬಹುದು. ಖಿನ್ನತೆಗೆ ಕೊಡುವ ಎಸ್ಸಿಟಲೋಪ್ರಾಮ್ ಜೊತೆ ಕ್ಲೋನಾಜೆಪಾಮ್, ಎದೆಬಡಿತಕ್ಕೆ ಕೊಡುವ ಪ್ರೊಪ್ರಾನೊಲಾಲ್ ಜೊತೆ ಅಲ್ಪ್ರಜೋಲಾಮ್ ಸೇರಿರುವ ಮಾತ್ರೆಗಳೂ ಇವೆ. ಬೆಳಿಗ್ಗೆ ಒಬ್ಬ ವೈದ್ಯರದು, ರಾತ್ರಿ ಇನ್ನೊಬ್ಬ ವೈದ್ಯರದು ಎಂದು ಒಂದೇ ಗುಂಪಿನ ಎರಡು ಔಷಧಿಗಳನ್ನು ಹಿರಿಯರು ತಿಳಿಯದೆಯೇ ನುಂಗುತ್ತಿರಲು ಸಾಧ್ಯವಿದೆ.

ಅದೇ ಹಾಳೆಯ ಹಿಂಬದಿಯಲ್ಲಿ, ನಿದ್ದೆ ಮಾತ್ರೆಯ ಜೊತೆ ಸೇರಿ ಮಂಪರು ಹೆಚ್ಚಿಸುವವುಗಳನ್ನು ಗುರುತು ಮಾಡಿ. ನೆಗಡಿ ಸಿರಪ್ಪಿನಲ್ಲಿರುವ ಕ್ಲೋರ್‌ಫೆನಿರಮಿನ್, ನೋವಿಗೆ ಕೊಡುವ ಟ್ರಮಡಾಲ್, ನರನೋವಿಗೆ ಕೊಡುವ ಗ್ಯಾಬಾಪೆಂಟಿನ್ ಮತ್ತು ಪ್ರಿಗ್ಯಾಬಲಿನ್, ಕಡಿಮೆ ಪ್ರಮಾಣದ ಅಮಿಟ್ರಿಪ್ಟಿಲಿನ್ ಇವುಗಳಲ್ಲಿ ಮುಖ್ಯವಾದವು. ಟ್ರಮಡಾಲ್‌ನಂಥ ಔಷಧಿ ಅಥವಾ ಮದ್ಯ ಜೊತೆಗೂಡಿದರೆ ಉಸಿರಾಟವೇ ನಿಧಾನವಾಗುವ ಅಪಾಯವಿದೆ. ಮನೆಯ ಹಿರಿಯರು ರಾತ್ರಿ ಸ್ವಲ್ಪ ಮದ್ಯ ತೆಗೆದುಕೊಳ್ಳುವವರಾದರೆ ಅದನ್ನು ಸಂಕೋಚಪಡದೆ ಪಟ್ಟಿಗೆ ಸೇರಿಸಿ.

ಹೆಜ್ಜೆ 2: ವಯಸ್ಸಾದ ದೇಹದ ಲೆಕ್ಕವನ್ನು ತಿಳಿದುಕೊಳ್ಳಿ

ರಾತ್ರಿ ನುಂಗಿದ ಮಾತ್ರೆಯ ಕೆಲಸ ಬೆಳಗಾಗುವುದರೊಳಗೆ ಮುಗಿಯುತ್ತದೆ ಎಂದು ನಾವು ಭಾವಿಸುತ್ತೇವೆ. ರಕ್ತದಲ್ಲಿರುವ ಔಷಧಿಯ ಪ್ರಮಾಣ ಅರ್ಧಕ್ಕೆ ಇಳಿಯಲು ಹಿಡಿಯುವ ಹೊತ್ತು, ಆರೋಗ್ಯವಂತ ವಯಸ್ಕರಲ್ಲಿ ಅಲ್ಪ್ರಜೋಲಾಮ್‌ಗೆ ಸುಮಾರು 11 ಗಂಟೆ, ಹಿರಿಯರಲ್ಲಿ ಸುಮಾರು 16 ಗಂಟೆ. ಅಂದರೆ ಅಜ್ಜಿ ರಾತ್ರಿ 10ಕ್ಕೆ ನುಂಗಿದ ಮಾತ್ರೆಯ ಅರ್ಧದಷ್ಟು ಮರುದಿನ ಮಧ್ಯಾಹ್ನ 2ಕ್ಕೂ ಅವರ ಮೈಯಲ್ಲಿರುತ್ತದೆ. ಕ್ಲೋನಾಜೆಪಾಮ್‌ಗೆ ಈ ಅವಧಿ 30ರಿಂದ 40 ಗಂಟೆ. ಹಿಂದಿನ ರಾತ್ರಿಯದು ಅರ್ಧಕ್ಕಿಂತ ಹೆಚ್ಚು ಉಳಿದಿರುವಾಗಲೇ ಮುಂದಿನದು ಒಳಗೆ ಹೋಗುತ್ತದೆ, ಹೀಗೆ ಕೆಲವು ದಿನ ಒಂದರ ಮೇಲೊಂದು ಸೇರುತ್ತದೆ.

ವಯಸ್ಸಾದಂತೆ ಮೈಯಲ್ಲಿ ನೀರು ಮತ್ತು ಸ್ನಾಯುವಿನ ಪಾಲು ಕಡಿಮೆಯಾಗಿ ಕೊಬ್ಬಿನ ಪಾಲು ಹೆಚ್ಚುತ್ತದೆ. ಡಯಾಜೆಪಾಮ್‌ನಂಥ ಕೊಬ್ಬಿನಲ್ಲಿ ಕರಗುವ ಔಷಧಿಗಳು ಅಲ್ಲಿ ಮನೆ ಮಾಡಿಕೊಂಡು ನಿಧಾನವಾಗಿ ಹೊರಬರುತ್ತವೆ. ಯಕೃತ್ತು ಔಷಧಿಯನ್ನು ಒಡೆಯುವ ವೇಗವೂ ತಗ್ಗಿರುತ್ತದೆ. ಅದರ ಮೇಲೆ ಕ್ಲಾರಿಥ್ರೊಮೈಸಿನ್ ಎಂಬ ಆ್ಯಂಟಿಬಯೋಟಿಕ್ ಅಥವಾ ಇಟ್ರಾಕೊನಜೋಲ್ ಎಂಬ ಫಂಗಸ್ ಔಷಧಿ ಜೊತೆಗೂಡಿದರೆ ಅಲ್ಪ್ರಜೋಲಾಮ್ ಒಡೆಯುವ ಕೆಲಸ ಇನ್ನಷ್ಟು ಹಿಂದೆ ಬಿದ್ದು, ಅದೇ ಅರ್ಧ ಮಾತ್ರೆ ಒಂದು ಮಾತ್ರೆಯಂತೆ ವರ್ತಿಸಬಹುದು. ಕೆಮ್ಮಿಗೋ ಚರ್ಮದ ತುರಿಕೆಗೋ ಔಷಧಿ ಶುರುಮಾಡಿದ ವಾರದಲ್ಲೇ ಹಿರಿಯರು ತೂಕಡಿಸತೊಡಗಿದರೆ ಈ ಜೋಡಿಯನ್ನು ನೆನೆಯಬೇಕು.

ಇನ್ನೊಂದು ಮಾತನ್ನು ಹಿರಿಯರಿಗೆ ಬಿಡಿಸಿ ಹೇಳುವುದು ಒಳ್ಳೆಯದು. ಬೆಂಜೋಡಯಾಜೆಪೈನ್‌ಗಳು ನಿದ್ದೆಯ ಅವಧಿಯನ್ನು ಹೆಚ್ಚಿಸಿದರೂ ಗಾಢ ನಿದ್ದೆಯ ಪಾಲನ್ನು ಕಡಿಮೆ ಮಾಡುತ್ತವೆ. ಏಳು ಗಂಟೆ ಮಲಗಿ ಎದ್ದರೂ ಮೈ ಹಗುರಾಗಿಲ್ಲ ಎಂದು ಅವರು ಹೇಳುವುದರಲ್ಲಿ ಸತ್ಯವಿದೆ.

ಹೆಜ್ಜೆ 3: ಹಿರಿಯರೊಡನೆ ಮಾತನಾಡಿ

“ಅದಿಲ್ದೆ ನಂಗೆ ಕಣ್ಣು ಮುಚ್ಚಲ್ಲ ಕಣೋ, ಒಂದ್ಸಲ ಬಿಟ್ಟು ನೋಡಿದೀನಿ, ಇಡೀ ರಾತ್ರಿ ಗಡಿಯಾರ ನೋಡ್ತಾ ಕೂತಿದ್ದೆ” ಎಂದರು ಅಮ್ಮ. ಅವರು ಹೇಳಿದ್ದು ಸುಳ್ಳಲ್ಲ. ಒಮ್ಮೆಲೇ ಬಿಟ್ಟಾಗ ಬರುವ ನಿದ್ದೆಗೇಡು ಹಳೆಯ ಕಾಯಿಲೆ ಮರಳಿದ್ದಲ್ಲ, ಒಗ್ಗಿಹೋದ ಮಿದುಳಿನ ಮರುಪೆಟ್ಟು ಎಂಬುದನ್ನು ತಿಳಿಸಿದಾಗ ಅವರ ಮುಖದಲ್ಲಿನ ಹಟ ಸಡಿಲವಾಯಿತು. “ನಿಧಾನಕ್ಕೆ ಅಂದ್ರೆ ಎಷ್ಟು ನಿಧಾನ?” ಎಂದು ಅವರೇ ಕೇಳಿದರು.

ವಿವರಿಸಿ ಹೇಳಿದರೆ ಹಿರಿಯರು ಕೇಳುತ್ತಾರೆಂಬುದಕ್ಕೆ ಸಾಕ್ಷ್ಯವೂ ಇದೆ. ಕೆನಡಾದಲ್ಲಿ ನಡೆದು 2014ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ದೀರ್ಘಕಾಲದಿಂದ ಈ ಮಾತ್ರೆ ನುಂಗುತ್ತಿದ್ದ 65 ವರ್ಷ ದಾಟಿದವರಿಗೆ, ಅದರ ಅಪಾಯವನ್ನೂ ಬಿಡುವ ಕ್ರಮವನ್ನೂ ಸರಳವಾಗಿ ವಿವರಿಸುವ ಕಿರುಪುಸ್ತಿಕೆಯೊಂದನ್ನು ಕೊಡಲಾಯಿತು. ಆರು ತಿಂಗಳ ನಂತರ ಪುಸ್ತಿಕೆ ಪಡೆದವರಲ್ಲಿ ಶೇ. 27ರಷ್ಟು ಜನ ಮಾತ್ರೆಯನ್ನು ಪೂರ್ತಿ ಬಿಟ್ಟಿದ್ದರು. ಪಡೆಯದವರಲ್ಲಿ ಆ ಪ್ರಮಾಣ ಶೇ. 5 ಮಾತ್ರ. ಬೈಗುಳ, ಮಾತ್ರೆ ಬಚ್ಚಿಡುವುದು, “ಇದು ಚಟ” ಎಂಬ ಮಾತು, ಇವು ಯಾವುವೂ ಬೇಡ. ವೈದ್ಯರು ಬರೆದುಕೊಟ್ಟದ್ದನ್ನೇ ನಿಯಮದಿಂದ ನುಂಗಿದವರನ್ನು ಚಟಗಾರರೆಂದು ಕರೆಯುವುದು ಅನ್ಯಾಯ.

ಹೆಜ್ಜೆ 4: ಪಟ್ಟಿ ಹಿಡಿದು ವೈದ್ಯರ ಬಳಿ ಹೋಗಿ

ಮಾತ್ರೆ ಬರೆದುಕೊಟ್ಟ ವೈದ್ಯರೋ, ಮನೆಯ ಕಷ್ಟಸುಖ ಬಲ್ಲ ವೈದ್ಯರೋ, ಮನೋವೈದ್ಯರೋ, ಯಾರಾದರೂ ಒಬ್ಬರು ಇದರ ಹೊಣೆ ಹೊರಬೇಕು. ಆರು ವರ್ಷದ ಮಾತ್ರೆಯ ಬಗ್ಗೆ ಎರಡು ನಿಮಿಷದಲ್ಲಿ ಮಾತು ಮುಗಿಯುವುದಿಲ್ಲವಾದ್ದರಿಂದ ಇದಕ್ಕೆಂದೇ ಬಂದಿದ್ದೇವೆಂದು ಮೊದಲೇ ಹೇಳಿ. ನಾವು ಮೊದಲು ಹೋದ ಕಡೆ “ಈ ವಯಸ್ಸಿನಲ್ಲಿ ಬಿಟ್ಟು ಏನು ಮಾಡಬೇಕು, ಮುಂದುವರಿಸಿ” ಎಂಬ ಉತ್ತರ ಸಿಕ್ಕಿತು; ಎರಡನೆಯ ವೈದ್ಯರು ಹಾಳೆಯನ್ನು ಪೂರ್ತಿ ಓದಿದರು.

ಅವರನ್ನು ಕೇಳಬೇಕಾದ ಪ್ರಶ್ನೆಗಳು ಕೆಲವಿವೆ. ನಿದ್ದೆ ಕೆಡಿಸುತ್ತಿರುವ ಬೇರೆ ಕಾರಣವೇನಾದರೂ ಇದೆಯೇ? ಸಂಜೆ ನುಂಗುವ ಮೂತ್ರ ಹೆಚ್ಚಿಸುವ ಮಾತ್ರೆಯಿಂದ ರಾತ್ರಿ ನಾಲ್ಕು ಸಲ ಏಳಬೇಕಾಗಿದ್ದರೆ ಅದನ್ನು ಬೆಳಿಗ್ಗೆಗೆ ಬದಲಿಸಬಹುದೇ? ಸ್ಟೀರಾಯ್ಡ್ ಮಾತ್ರೆ ರಾತ್ರಿ ಹೊತ್ತಿನಲ್ಲಿದೆಯೇ? ಜೋರು ಗೊರಕೆಯ ನಡುವೆ ಉಸಿರು ನಿಂತುನಿಂತು ಬರುತ್ತಿದ್ದರೆ ಅದನ್ನು ತಪ್ಪದೆ ಹೇಳಬೇಕು, ಏಕೆಂದರೆ ನಿದ್ದೆ ಮಾತ್ರೆ ಆ ತೊಂದರೆಯನ್ನು ಹೆಚ್ಚಿಸಬಲ್ಲದು. ನಸುಕಿನ ಮೂರಕ್ಕೆ ಎಚ್ಚರವಾಗಿ ಬದುಕೇ ಬೇಡವೆನಿಸುವುದು ಖಿನ್ನತೆಯ ಲಕ್ಷಣವಾಗಿರಬಹುದು. ಅದಕ್ಕೆ ಬೇರೆಯದೇ ಚಿಕಿತ್ಸೆ ಬೇಕು.

ಮನೋವೈದ್ಯರು ಹತ್ತಿರದಲ್ಲಿಲ್ಲದ ಊರಿನವರು 14416ಕ್ಕೆ ಕರೆ ಮಾಡಬಹುದು. 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ ಮಾನಸ್ ಎಂಬ ಈ ಉಚಿತ ಸೇವೆಯ ಮುಖ್ಯ ಕೇಂದ್ರ ಬೆಂಗಳೂರಿನ ನಿಮ್ಹಾನ್ಸ್. ಹಗಲುರಾತ್ರಿ ಕನ್ನಡದಲ್ಲೇ ಮಾತನಾಡಬಹುದು.

ಹೆಜ್ಜೆ 5: ಇಳಿಸುವುದು

ಎಷ್ಟು ಇಳಿಸಬೇಕು, ಎಷ್ಟು ದಿನಕ್ಕೊಮ್ಮೆ ಇಳಿಸಬೇಕು ಎಂಬುದನ್ನು ವೈದ್ಯರೇ ಬರೆದುಕೊಡಬೇಕು. ಆದರೂ ವೇಗದ ಅಂದಾಜು ಮನೆಯವರಿಗಿರುವುದು ಒಳ್ಳೆಯದು. 2025ರಲ್ಲಿ ಅಮೆರಿಕದ ಹಲವು ವೈದ್ಯಕೀಯ ಸಂಘಗಳು ಸೇರಿ ಹೊರತಂದ ಮಾರ್ಗಸೂಚಿಯ ಪ್ರಕಾರ, ಆರಂಭದಲ್ಲಿ ಪ್ರತಿ ಎರಡರಿಂದ ನಾಲ್ಕು ವಾರಗಳಿಗೊಮ್ಮೆ ಪ್ರಮಾಣವನ್ನು ಶೇ. 5ರಿಂದ 10ರಷ್ಟು ಇಳಿಸುವುದನ್ನು ಪರಿಗಣಿಸಬೇಕು. ಎರಡು ವಾರಗಳಲ್ಲಿ ಶೇ. 25ಕ್ಕಿಂತ ಹೆಚ್ಚು ಇಳಿಸುವುದು ಸಾಮಾನ್ಯವಾಗಿ ಸಲ್ಲದು. ಅರ್ಥಾತ್ ಇದು ವಾರಗಳ ಕೆಲಸವಲ್ಲ, ಹಲವು ತಿಂಗಳುಗಳ ಕೆಲಸ.

ಸಣ್ಣ ಪ್ರಮಾಣ ಮಾಡಿಕೊಳ್ಳಲು ಮೆಡಿಕಲ್ ಶಾಪಿನಲ್ಲಿ ಸಿಗುವ ಮಾತ್ರೆ ಕತ್ತರಿಸುವ ಪ್ಲಾಸ್ಟಿಕ್ ಪೆಟ್ಟಿಗೆ ಉಪಯೋಗಕ್ಕೆ ಬರುತ್ತದೆ. ಈಳಿಗೆಮಣೆಯ ಮೇಲೆ ಕತ್ತರಿಸಿದರೆ ಒಂದು ಪಾಲು ದೊಡ್ಡದು, ಒಂದು ಪಾಲು ಪುಡಿ. ಹೆಸರಿನ ಮುಂದೆ ಎಸ್‌ಆರ್ ಎಂದಿರುವ, ನಿಧಾನವಾಗಿ ಕರಗುವ ಮಾತ್ರೆಗಳನ್ನು ಕತ್ತರಿಸಲೇಬಾರದು. ಇಡೀ ದಿನದ ಪ್ರಮಾಣ ಒಮ್ಮೆಗೇ ಬಿಡುಗಡೆಯಾಗಬಹುದು. ಕೆಲವೊಮ್ಮೆ ವೈದ್ಯರು ಬೇಗ ಇಳಿಯುವ ಅಲ್ಪ್ರಜೋಲಾಮ್ ಬದಲು ಹೆಚ್ಚು ಹೊತ್ತು ಉಳಿಯುವ ಔಷಧಿಗೆ ಬದಲಿಸಿ ಆಮೇಲೆ ಇಳಿಸುತ್ತಾರೆ. ‘ಒಂದು ದಿನ ಬಿಟ್ಟು ಒಂದು ದಿನ’ ಎಂಬ ಮನೆಮದ್ದಿನ ಲೆಕ್ಕವನ್ನು ನೀವಾಗಿ ಅನುಸರಿಸಬೇಡಿ. ಅದರಿಂದ ರಕ್ತದಲ್ಲಿನ ಮಟ್ಟ ದಿನಬಿಟ್ಟು ದಿನ ಏರಿಳಿದು ಮಿದುಳಿಗೆ ಪ್ರತಿ ಎರಡನೆಯ ರಾತ್ರಿ ಸಣ್ಣದೊಂದು ಪೆಟ್ಟು ಬೀಳುತ್ತದೆ.

ಪ್ರತಿ ಇಳಿಕೆಯ ನಂತರ ಕೆಲವು ದಿನ ನಿದ್ದೆ ಹದಗೆಡುವುದು, ಸಿಡುಕು, ಶಬ್ದ ಸಹಿಸಲಾಗದಿರುವುದು ಸಹಜ. ಕಷ್ಟ ಹೆಚ್ಚಾದರೆ ವೈದ್ಯರನ್ನು ಕೇಳಿ, ಮೇಲಕ್ಕೆ ಏರದೆ ಇದ್ದ ಪ್ರಮಾಣದಲ್ಲೇ ಇನ್ನೊಂದೆರಡು ವಾರ ನಿಲ್ಲುವುದೇ ಹೆಚ್ಚಿನವರಿಗೆ ಸಾಕಾಗುತ್ತದೆ. ನಮ್ಮ ಅಮ್ಮನಿಗೆ ಅತಿ ಕಷ್ಟವಾದದ್ದು ಕೊನೆಯ ಕಾಲು ಮಾತ್ರೆ. ಅಷ್ಟು ಚಿಕ್ಕ ತುಂಡಿಗೆ ಎಂಟು ವಾರ ಹಿಡಿಯಿತು. ಒಂದು ನೋಟ್‌ಬುಕ್ಕಿನಲ್ಲಿ ಮಲಗಿದ ಹೊತ್ತು, ಎದ್ದ ಹೊತ್ತು, ರಾತ್ರಿ ಎಷ್ಟು ಸಲ ಎಚ್ಚರ, ಆ ದಿನದ ಪ್ರಮಾಣ, ಇಷ್ಟನ್ನು ಬರೆದಿಟ್ಟುಕೊಳ್ಳಿ. ಕೆಟ್ಟ ವಾರದಲ್ಲಿ ಹಿಂದಿನ ಪುಟ ತಿರುಗಿಸಿ ತೋರಿಸಲು ಅದು ಬೇಕಾಗುತ್ತದೆ.

ಫಿಟ್ಸ್, ಇಲ್ಲದ್ದು ಕಾಣುವುದು, ಜಾಗ ಮತ್ತು ಜನರ ಗುರುತು ತಪ್ಪುವುದು, ನಿಲ್ಲದ ನಡುಕ, ಸಾಯುವ ಮಾತು, ಇವುಗಳಲ್ಲಿ ಒಂದು ಕಂಡರೂ ಕಾಯಬೇಡಿ. 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಕರೆದೊಯ್ಯಿರಿ, ಮಾತ್ರೆಯ ಪಟ್ಟಿ ಕೈಯಲ್ಲಿರಲಿ.

ಹೆಜ್ಜೆ 6: ಜೊತೆಜೊತೆಗೆ ನಿದ್ದೆಯನ್ನು ಕಟ್ಟುವುದು

ಮಾತ್ರೆ ಇಳಿಯುತ್ತಿರುವಾಗ ಅದರ ಜಾಗಕ್ಕೆ ಏನೂ ಬಾರದಿದ್ದರೆ ಪ್ರಯತ್ನ ಸೋಲುತ್ತದೆ. ಮೊದಲು ಕಾಫಿ. ಎಚ್ಚರ ಇದ್ದಷ್ಟೂ ಮಿದುಳಿನಲ್ಲಿ ಅಡೆನೊಸಿನ್ ಎಂಬ ವಸ್ತು ಸೇರುತ್ತಾ ಹೋಗಿ ನಿದ್ದೆಯ ಒತ್ತಡ ಹೆಚ್ಚಿಸುತ್ತದೆ. ಕೆಫೀನ್ ಅದರ ಗ್ರಾಹಕಗಳನ್ನು ಮುಚ್ಚಿ ಆ ಸಂದೇಶವನ್ನು ತಡೆಯುತ್ತದೆ. ಕೆಫೀನ್ ಅರ್ಧಕ್ಕೆ ಇಳಿಯಲು ಸುಮಾರು ಐದು ಗಂಟೆ ಬೇಕಾದ್ದರಿಂದ, ಸಂಜೆ ಐದರ ಫಿಲ್ಟರ್ ಕಾಫಿಯ ಅರ್ಧದಷ್ಟು ರಾತ್ರಿ ಹತ್ತಕ್ಕೆ ಕೆಲಸ ಮಾಡುತ್ತಲೇ ಇರುತ್ತದೆ. ಒಂದು ಕೈಯಲ್ಲಿ ಸಂಜೆಯ ಕಾಫಿ, ಇನ್ನೊಂದು ಕೈಯಲ್ಲಿ ನಿದ್ದೆ ಮಾತ್ರೆ ಇರುವ ಮನೆಗಳು ನಮ್ಮಲ್ಲಿ ಕಡಿಮೆಯಲ್ಲ. ಸಂಜೆಯ ಲೋಟಕ್ಕೆ ಕಷಾಯವೋ ಬರೀ ಹಾಲೋ ಬರಲಿ, ಬೆಳಗಿನ ಕಾಫಿಯನ್ನು ಮುಟ್ಟಬೇಡಿ.

ಏಳುವ ಹೊತ್ತು ನಿತ್ಯ ಒಂದೇ ಇರಲಿ, ರಾತ್ರಿ ನಿದ್ದೆ ಕೆಟ್ಟಿದ್ದರೂ ಸರಿ. ಎದ್ದ ಮೇಲೆ ಅರ್ಧ ಗಂಟೆ ಅಂಗಳದಲ್ಲೋ ತಾರಸಿಯಲ್ಲೋ ಬೆಳಕಿಗೆ ಮೈಯೊಡ್ಡಬೇಕು. ಹಗಲು ನಿದ್ದೆ ಮಧ್ಯಾಹ್ನ ಮೂರು ಗಂಟೆಗೆ ಮುಂಚೆಯೇ ಮುಗಿಯಲಿ, ಅದೂ ಅರ್ಧ ಗಂಟೆ ಮೀರದಂತೆ. ಎಂಟಕ್ಕೇ ಹಾಸಿಗೆ ಸೇರಿ ಎರಡಕ್ಕೆ ಎಚ್ಚರವಾಯಿತೆಂದು ಕೊರಗುವವರು ಅಷ್ಟರಲ್ಲಿ ಆರು ಗಂಟೆ ಮಲಗಿರುತ್ತಾರೆ. ಅವರಿಗೆ ಬೇಕಾದದ್ದು ಮಾತ್ರೆಯಲ್ಲ, ತಡವಾಗಿ ಮಲಗುವ ರೂಢಿ. ನಿದ್ದೆ ಬಾರದೆ ಇಪ್ಪತ್ತು ನಿಮಿಷವಾಯಿತೆನಿಸಿದರೆ ಎದ್ದು ಮಂದ ಬೆಳಕಿನಲ್ಲಿ ಕುಳಿತು, ಬತ್ತಿ ಹೊಸೆಯುವುದೋ ಜಪವೋ ಮಾಡುತ್ತಿದ್ದು, ಕಣ್ಣೆಳೆದಾಗ ಮತ್ತೆ ಮಲಗಬೇಕು. ಹಾಸಿಗೆಯಿಂದ ಬಚ್ಚಲಿನವರೆಗೆ ಸಣ್ಣ ದೀಪವಿರಲಿ, ಕಾಲಿಗೆ ತೊಡರುವ ಚಾಪೆ ಬೇಡ, ಏಳುವ ಮೊದಲು ಮಂಚದಂಚಿನಲ್ಲಿ ಒಂದು ನಿಮಿಷ ಕೂರಲಿ. ಬಿದ್ದು ಸೊಂಟದ ಮೂಳೆ ಮುರಿಯುವುದು ಈ ಮಾತ್ರೆಗಳ ಅತಿ ಕೆಟ್ಟ ಪರಿಣಾಮಗಳಲ್ಲೊಂದು.

ಹೆಜ್ಜೆ 7: ಬಿಟ್ಟ ಮೇಲೆ

ಉಳಿದ ಮಾತ್ರೆಗಳನ್ನು ‘ಯಾವತ್ತಾದರೂ ಬೇಕಾದೀತು’ ಎಂದು ಡಬ್ಬಿಗೆ ಮರಳಿಸಬೇಡಿ, ನೆರೆಮನೆಯವರಿಗೂ ಕೊಡಬೇಡಿ. ಅಲ್ಪ್ರಜೋಲಾಮ್, ಡಯಾಜೆಪಾಮ್, ನೈಟ್ರಾಜೆಪಾಮ್, ಜೋಲ್ಪಿಡೆಮ್ ಇವೆಲ್ಲ 2014ರ ಮಾರ್ಚ್ 1ರಿಂದ ಜಾರಿಯಾದ ಶೆಡ್ಯೂಲ್ ಎಚ್‌1 ಪಟ್ಟಿಯಲ್ಲಿವೆ. ವೈದ್ಯರ ಚೀಟಿ ಇಲ್ಲದೆ ಮಾರುವಂತಿಲ್ಲ, ಮಾರಿದ ವಿವರವನ್ನು ಅಂಗಡಿಯವರು ಪ್ರತ್ಯೇಕ ಪುಸ್ತಕದಲ್ಲಿ ಮೂರು ವರ್ಷ ಕಾಪಿಡಬೇಕು. ಸ್ಟ್ರಿಪ್‌ನಿಂದ ಬಿಡಿಸಿದ ಮಾತ್ರೆಗಳನ್ನು ಕಾಫಿ ಚರಟದ ಜೊತೆ ಕಲಸಿ, ಕವರಿನಲ್ಲಿ ಬಿಗಿಯಾಗಿ ಕಟ್ಟಿ ಕಸಕ್ಕೆ ಹಾಕಿದರೆ ಮಕ್ಕಳ ಕೈಗೂ ದನದ ಬಾಯಿಗೂ ಸಿಗುವ ಸಂಭವ ತಗ್ಗುತ್ತದೆ.

ಹಾಳೆಯ ಪಟ್ಟಿಯಲ್ಲಿ ಆ ಮಾತ್ರೆಯ ಹೆಸರನ್ನು ಹೊಡೆದುಹಾಕಿ, ಪಕ್ಕದಲ್ಲಿ ನಿಲ್ಲಿಸಿದ ದಿನಾಂಕವನ್ನೂ ನಿಲ್ಲಿಸಿದ ಕಾರಣವನ್ನೂ ಬರೆಯಿರಿ. ಹಳೆಯ ಚೀಟಿಯನ್ನು ಫೈಲಿನಿಂದ ತೆಗೆದಿಡಿ. ಮುಂದೆ ಕಣ್ಣಿನ ಆಪರೇಷನ್ನಿಗೋ ಜ್ವರಕ್ಕೋ ಬೇರೆ ಆಸ್ಪತ್ರೆ ಸೇರಿದಾಗ, ಹಳೆಯ ಚೀಟಿ ನೋಡಿ ‘ಈಗ ತೆಗೆದುಕೊಳ್ಳುತ್ತಿರುವ ಔಷಧಿ’ ಎಂದು ಅದನ್ನೇ ಮತ್ತೆ ಬರೆದುಬಿಡುವುದುಂಟು. ಬಿಡುಗಡೆಯ ದಿನ ಕೈಗೆ ಬರುವ ಚೀಟಿಯನ್ನು ಅಲ್ಲಿಯೇ ಕುಳಿತು, ಈ ಹಾಳೆಯ ಪಕ್ಕದಲ್ಲಿಟ್ಟು, ಒಂದೊಂದು ಸಾಲಾಗಿ ಓದಿ ನೋಡಿ.